ಮಾವನ ಕಾಲಿಗೆ ಎಟುಕದ ಸೈಕಲ್ಲು

ಕೊಲ್ಹಾಪುರದ ಮಂದಿ ಹಾಲಿನ ವಿಷಯದಲ್ಲಿ ಹೆತ್ತ ತಂದೆಯನ್ನೂ ನಂಬುವುದಿಲ್ಲ. ಗಂಗಾವೇಶದ ಹಾಲುಕಟ್ಟೆಗೆ ಹೋಗಿ ನೋಡಿ, ಎಮ್ಮೆಯನ್ನೇ ರಸ್ತೆಗೆ ತಂದು ನಿಲ್ಲಿಸಿರುತ್ತಾರೆ. ಗಿರಾಕಿಯ ಕಣ್ಣೆದುರೇ ಕರೆದು, ನೊರೆ ಇಳಿಯುವ ಮೊದಲೇ ಗ್ಲಾಸು ಕೈಗಿಡುತ್ತಾರೆ. ಗಿರಾಕಿ ಒಮ್ಮೆ ಎಮ್ಮೆಯ ಮುಖ ನೋಡಿ, ಸಮಾಧಾನವಾದ ಮೇಲೇ ಗ್ಲಾಸು ಎತ್ತುವುದು. ಇಂಥ ಊರಲ್ಲಿ ಸಂಸಾರ ಹೂಡಿರುವ ನನ್ನ ಭಾವಮೈದ, ಗಡಹಿಂಗ್ಲಜದಲ್ಲಿರುವ ಅಪ್ಪನಿಗೆ ಮೊಬೈಲಿನ ಚಿತ್ರ ನೋಡಿ ಸೈಕಲ್ ತರಿಸಿದ.

ಸೈಕಲ್ ಬಂದ ಮರುದಿನವೇ ಇಚಲಕರಂಜಿಗೆ ನನಗೆ ಫೋನು. ಅತ್ತೆಯದು. "ಮಾವಾರು ಸೈಕಲ್ ಮ್ಯಾಲ ಕುಂತಾರ, ಇಳ್ಯಾಕ ಬರವಲ್ದು. ನೀವ ಬರ್ರಿ." ಅಪ್ಪ-ಮಗನ ನಡುವೆ ಏನೇ ಬಂದರೂ ಅಳಿಯನೇ ಹೈಕೋರ್ಟು ಎಂಬುದು ಆ ಮನೆಯ ಕಾಯಿದೆ. ಹೊರಟೆ. ನಿಪ್ಪಾಣಿ ಮೇಲೆ ಹೋದರೆ ಬೋರ್ಡುಗಳು ಮರಾಠಿಯಿಂದ ಕನ್ನಡಕ್ಕೆ ತಿರುಗುತ್ತವೆ, ಗಡಹಿಂಗ್ಲಜ ಬರುವಷ್ಟರಲ್ಲಿ ಮತ್ತೆ ಮರಾಠಿಗೆ ಮರಳುತ್ತವೆ. ಮಾವನ ಮನೆಯೂ ಹಾಗೆಯೇ: ಮಾತು ಕನ್ನಡ, ಲೆಕ್ಕ ಮರಾಠಿ, ಸಿಟ್ಟು ಬಂದರೆ ಎರಡೂ.

ನಾನು ಮುಟ್ಟುವಷ್ಟರಲ್ಲಿ ನೆರೆಯವರು ಮಾವನನ್ನು ಇಳಿಸಿದ್ದರು. ಸೈಕಲ್ಲು ಗೋಡೆಗೆ ಒರಗಿತ್ತು. ಅದಕ್ಕೆ ಸ್ಟ್ಯಾಂಡೇ ಇರಲಿಲ್ಲ, ಒರಗದೆ ಗತಿಯಿಲ್ಲ. ಚಕ್ರ 29 ಇಂಚು, ಫ್ರೇಮು 19 ಇಂಚು. ಆರಡಿಯ ಆಸುಪಾಸಿನ ಆಳಿಗೆ ಹೇಳಿ ಮಾಡಿಸಿದ್ದು. ಮಾವ ಐದಡಿ ಮೂರು ಇಂಚು, ಅದೂ ಗಾಂಧಿ ಟೊಪಿಗೆ ಸಮೇತ. ನಡುವಿನ ದಂಡಿಗೆಯ ಆಚೀಚೆ ಎರಡೂ ಪಾದ ಊರಿ ನಿಂತರೆ ಒಂದೆರಡು ಇಂಚು ಸಂದು ಉಳಿಯಬೇಕು. ಸೈಕಲ್ ಸರಿಹೋಗುತ್ತದೋ ಇಲ್ಲವೋ ನೋಡಲು ಅಷ್ಟೇ ಸಾಕು. ಮಾವ ತುದಿಬೆರಳಲ್ಲಿ ನಿಂತರೂ ಸಂದಿನ ಮಾತೇ ಇರಲಿಲ್ಲ. ಇದ್ದದ್ದು ಬರೀ ಸಂಕಟ.

"ಎತ್ತರ ಎಷ್ಟಂತ ಬರದಿದ್ದೀ?" ಎಂದು ಭಾವಮೈದನನ್ನು ಫೋನಿನಲ್ಲಿ ಕೇಳಿದೆ.

"ಐದು ಹನ್ನೊಂದು. ಅಪ್ಪ ಅಷ್ಟು ಇಲ್ಲೇನು?" ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಅಪ್ಪನ ಅಳತೆಯನ್ನು ಅವನು ಎರಡನೇ ಇಯತ್ತೆಯಲ್ಲಿದ್ದಾಗ ತಗೊಂಡದ್ದು, ಮುಂದೆ ತಿದ್ದುಪಡಿ ಆಗಿಲ್ಲ.

ನಮ್ಮ ಇಚಲಕರಂಜಿಯಲ್ಲಿ ಇದು ನಡೆಯುವ ಮಾತಲ್ಲ. 1904ರಲ್ಲಿ ವಿಠ್ಠಲರಾವ್ ದಾತಾರರು ಊರಿಗೆ ಮೊದಲ ಪವರ್‌ಲೂಮ್ ತಂದರಲ್ಲ, ಅಂದಿನಿಂದ ಈ ಊರು ಇಂಚಿನ ಮೇಲೆಯೇ ಬದುಕಿದೆ. ನಾನು ಲೆಕ್ಕ ಬರೆಯುವ ಪೇಢಿಗೆ ಬರುವ ವ್ಯಾಪಾರಿ ಮೊದಲು ಬಟ್ಟೆಯನ್ನು ಹೆಬ್ಬೆರಳು-ತೋರುಬೆರಳ ನಡುವೆ ತಿಕ್ಕುತ್ತಾನೆ. ಆಮೇಲೆ ಪುಟ್ಟ ಭೂತಗನ್ನಡಿ ಇಟ್ಟು, ಒಂದು ಕಣ್ಣು ಮುಚ್ಚಿ, ಇಂಚಿಗೆ ಉದ್ದಕ್ಕೆಷ್ಟು ಎಳೆ, ಅಡ್ಡಕ್ಕೆಷ್ಟು ಎಳೆ ಎಣಿಸುತ್ತಾನೆ. ಎರಡು ಎಳೆ ಕಡಿಮೆಯಾದರೆ ಥಾನು ಬಂದ ದಾರಿಗೇ ಹೋಯಿತು. ಅಪ್ಪನನ್ನು ಎಂಟು ಇಂಚು ಹೆಚ್ಚಿಗೆ ಬರೆದವನನ್ನು ನಮ್ಮ ಪೇಢಿಯ ಕಟ್ಟೆಗೂ ಹತ್ತಿಸುವುದಿಲ್ಲ.

ಆದರೆ ಮಾವನ ತಕರಾರು ಎತ್ತರದ್ದೇ ಅಲ್ಲ! ಮಾಸ್ತರಿಕೆ ಮಾಡುವಾಗ ಅವರು ಓಡಿಸಿದ್ದು 24 ಇಂಚಿನ ಫ್ರೇಮಿನ ಕರೀ ಸೈಕಲ್ಲು. ಆಗೆಲ್ಲ ಸೈಕಲ್ಲಿಗೆ ನಾವು ಸರಿಹೋಗುತ್ತೇವೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ಹುಡುಗರಿದ್ದಾಗ ದಂಡಿಗೆಯ ಕೆಳಗೆ ಕಾಲು ತೂರಿಸಿ ಕತ್ರಿ ಹೊಡೆದರು, ದೊಡ್ಡವರಾದ ಮೇಲೆ ಸೊಂಟ ಅತ್ತಿತ್ತ ಹೊಯ್ದಾಡಿಸಿ ತುಳಿದರು, ಇಳಿಯುವಾಗ ಕಲ್ಲುಕಟ್ಟೆ ಹುಡುಕಿದರು. ಗಡಹಿಂಗ್ಲಜದಲ್ಲಿ ಇಂಥ ಕಟ್ಟೆ ಎಲ್ಲೆಲ್ಲಿವೆ ಎಂಬ ನಕಾಶೆ ಅವರಿಗೆ ಈಗಲೂ ಬಾಯಿಪಾಠ.

"ಕಾಲು ಮುಟ್ಟೂದು ಬಿಡ್ರಿ. ಕ್ಯಾರಿಯರ್ ಎಲ್ಲೈತಿ? ಮಡ್‌ಗಾರ್ಡ್ ಎಲ್ಲೈತಿ? ಹಿಟ್ಟಿನ ಗಿರಣಿಗೆ ಜ್ವಾಳ ತಲಿಮ್ಯಾಲ ಹೊತಗೊಂಡು ಸೈಕಲ್ ಹೊಡೀಲ್ಯಾ?"

ವಾಪಸ್ ಮಾಡುವುದೆಂದು ಠರಾವಾಯಿತು. ಮೊಬೈಲು ಕಾರಣ ಕೇಳಿತು. ಅದೇ ಕೊಟ್ಟ ನಾಲ್ಕೈದು ಕಾರಣಗಳಲ್ಲಿ ಜೋಳದ ಚೀಲಕ್ಕೆ ಜಾಗವಿರಲಿಲ್ಲ. ಕಾಯಿದೆ ನಮ್ಮ ಕೈಹಿಡಿಯುತ್ತದೆಯೇ ಎಂದು ನೋಡಿದೆ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಮಾಲು ದೋಷದ್ದಿದ್ದರೆ, ನಕಲಿಯಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ, ಹೇಳಿದ ದಿನಕ್ಕಿಂತ ತಡವಾಗಿ ಬಂದರೆ ಮಾರಿದವನು ಒಲ್ಲೆ ಎನ್ನುವ ಹಾಗಿಲ್ಲ. ಸೈಕಲ್ಲು ಚಿತ್ರದಲ್ಲಿದ್ದಂತೆಯೇ ಇತ್ತು, ದಿನಕ್ಕೆ ಸರಿಯಾಗಿ ಬಂದಿತ್ತು. ಗಿರಾಕಿಯ ಕಾಲೇ ಗಿಡ್ಡವಿದ್ದರೆ ಏನು ಎಂಬುದಕ್ಕೆ ದಿಲ್ಲಿ ಸರಕಾರ ತುಟಿ ಬಿಚ್ಚಿಲ್ಲ. ಅದೆಲ್ಲ ಮಾರಿದವನ ಧರ್ಮಬುದ್ಧಿ. ಪುಣ್ಯಕ್ಕೆ ಈತ 'ಅಳತೆ ಸರಿಯಿಲ್ಲ' ಎಂಬುದನ್ನು ಒಪ್ಪುವವನಾಗಿದ್ದ: ಗಡುವಿನೊಳಗೆ, ಮೂಲ ಡಬ್ಬಿಯಲ್ಲಿ, ಬಂದ ಹಾಗೆಯೇ ಬಿಚ್ಚಿ ಕೊಡಬೇಕು.

ಬಿಚ್ಚಲು ಪಕ್ಕದ ಮನೆಯ ಹುಡುಗ ಪಾನಾ ಹಿಡಿದು ಬಂದ. ಎಡಗಡೆಯ ಪೆಡಲಿಗೆ ಹಾಕಿ, ಎಲ್ಲ ನಟ್ಟು ಬಿಚ್ಚುವ ಹಾಗೆ ಎಡಕ್ಕೆ ಎಳೆಯತೊಡಗಿದ. "ಏ ಏ, ಕೈ ತಗೀ!" ಎಂದು ಮಾವ ಕೂಗಿದ್ದಕ್ಕೆ ಅವನ ಕೈಯ ಪಾನಾ ಬಿತ್ತು. ಎಡ ಪೆಡಲಿನ ಆಟೆ ಉಲ್ಟಾ ಇರುತ್ತದೆ, ತುಳಿಯುತ್ತ ತುಳಿಯುತ್ತ ತಾನೇ ಬಿಚ್ಚಿಕೊಳ್ಳಬಾರದೆಂದು. ಎಡಕ್ಕೆ ತಿರುಗಿಸಿದಷ್ಟೂ ಬಿಗಿಯುತ್ತದೆ, ಬಲವಂತ ಮಾಡಿದರೆ ಆಟೆಯೇ ಸವೆದು ಹೋಗುತ್ತದೆ. ಮಾವ ಪೆಡಲಿನ ಗೂಟದ ತುದಿಯಲ್ಲಿ ಕೊರೆದಿದ್ದ ಎಲ್ ಅಕ್ಷರವನ್ನು ಹುಡುಗನಿಗೆ ತೋರಿಸಿ, ಬಲಕ್ಕೆ ಎರಡು ಸುತ್ತು ಕೊಟ್ಟು, ಉಳಿದದ್ದನ್ನು ಬೆರಳಲ್ಲೇ ತಿರುವಿ ತೆಗೆದರು. ಆ ಸೈಕಲ್ಲಿನಿಂದ ಅವರಿಗೆ ಸಿಕ್ಕ ಏಕೈಕ ಸುಖ ಅದು.

ಇನ್ನು ಡಬ್ಬಿ. ಅಷ್ಟು ದೊಡ್ಡ, ಅಷ್ಟು ದಪ್ಪ ರಟ್ಟನ್ನು ಸುಮ್ಮನೆ ಬಿಡುವ ಹೆಂಗಸೇ ನಮ್ಮತ್ತೆ? ಬಂದ ದಿನವೇ ಜೋಡಿನಲ್ಲಿ ಬಿಚ್ಚಿ, ಮಾಳಿಗೆಯ ಮೇಲೆ ಹಾಸಿ, ವರ್ಷದ ಖಾರಕ್ಕೆಂದು ಮಾರ್ಕೆಟ್ ಯಾರ್ಡಿನಿಂದ ತಂದ ಸಂಕೇಶ್ವರಿ ಮೆಣಸಿನಕಾಯಿಯನ್ನು ಒಣಹಾಕಿದ್ದರು.

"ಅತ್ತಿ, ಡಬ್ಬಿ ಕೊಡಬೇಕಾಗ್ತದ."

"ಕೊಡೂಣಂತ. ಇನ್ನೆರಡು ಬಿಸಲು ಆಗ್ಲಿ."

ಗಡುವಿಗೂ ಬಿಸಿಲಿಗೂ ಪಂದ್ಯ ಬಿತ್ತು. ನಡುವೆ ಒಂದು ದಿನ ಮೋಡ ಮುಸುಕಿತು. ಭಾವಮೈದ ಕೊಲ್ಹಾಪುರದಿಂದ ತಾಸಿಗೊಮ್ಮೆ ಫೋನು ಮಾಡಿ ಸೈಕಲ್ಲಿನದಲ್ಲ, ಮೆಣಸಿನಕಾಯಿಯ ಸ್ಥಿತಿ ವಿಚಾರಿಸುತ್ತಿದ್ದ. ಕಡೆಯ ದಿನ ಅಂತೂ ರಟ್ಟು ಖಾಲಿಯಾಯಿತು. ಮತ್ತೆ ಮಡಿಸಿ, ಟೇಪು ಸುತ್ತಿ, ಸೈಕಲ್ಲನ್ನು ಒಳಗಿಳಿಸಿದೆವು. ಡಬ್ಬಿಯ ಹತ್ತಿರ ಹೋದವರೆಲ್ಲ ಸೀನಿದರು.

ಒಯ್ಯಲು ಬಂದ ಹುಡುಗ ಫ್ರೇಮಿನಡಿಯ ನಂಬರು ನೋಡಿದ, ಫೋಟೊ ತೆಗೆದ, ಸೀನಿದ. ಅಷ್ಟಕ್ಕೇ ಅಷ್ಟು ಬೆಲೆಯ ಸೈಕಲ್ಲು ಪಾಸು. ಆಮೇಲೆ ಮೂಗು ಒರೆಸಿಕೊಳ್ಳುತ್ತ, "ಮಾವಶಿ, ಖಾರ ಭಾರಿ ಐತಿ. ಅರ್ಧ ಕಿಲೋ ಕೊಡ್ತೀರೇನು? ರೊಕ್ಕ ಕೊಡ್ತೇನಿ" ಎಂದ.

ಅತ್ತೆ ಮೊರ ತಂದಿಟ್ಟರು. ಹುಡುಗ ಕುಕ್ಕರಗಾಲಲ್ಲಿ ಕೂತು ಒಂದು ಕಾಯಿ ಎತ್ತಿದ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಬೀಜದ ಸಪ್ಪಳ ಕೇಳಿದ. ತೊಟ್ಟು ಮುರಿದು ಮೂಸಿದ. ಸಿಪ್ಪೆಯನ್ನು ಬಿಸಿಲಿಗೆ ಹಿಡಿದ, ತುದಿ ಕಚ್ಚಿದ, ಇನ್ನೊಂದನ್ನು ಎತ್ತಿದ.

"ಬ್ಯಾಡಗಿ ಬೆರಿಸಿಲ್ಲಲಾ? ಮನೀಗ ಒಯ್ದ ಮ್ಯಾಲ ನಮ್ಮವ್ವಗ ಸೇರಲಿಲ್ಲಂದ್ರ?"

"ವಾಪಸ್ ತಗೊಳಂಗಿಲ್ಲ" ಎಂದರು ಅತ್ತೆ.