ಸೆಹ್ವಾಗ್ ಔಟಾದ ದಿನದ ಸೀಮೆಎಣ್ಣೆ

ನಮ್ಮ ಕಾಮಗೆರೆಯಲ್ಲಿ ಮೋಟಾರು ಅಂದರೆ ಕರೆಂಟಿನದು, ಎಂಜಿನ್ ಅಂದರೆ ಎಣ್ಣೆಯದು. ಮೋಟಾರಿಗೆ ಗುಂಡಿ ಒತ್ತಿದರೆ ಸಾಕು. ಎಂಜಿನ್ನಿಗೆ ಹಗ್ಗ ಎಳೆಯಬೇಕು, ಬೈಯಬೇಕು, ಆಮೇಲೆ ಬೈದದ್ದಕ್ಕೆ ಮಾದಪ್ಪನ ಬೆಟ್ಟದ ಕಡೆ ತಿರುಗಿ ಕೈ ಮುಗಿಯಬೇಕು. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಹೇಳಿಕೊಟ್ಟವನು ನಾನು. ಅಂತರ್ದಹನ ಎಂಜಿನ್ನಿನ ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಬೋರ್ಡಿನ ಮೇಲೆ ಬರೆಯಬಲ್ಲೆ. ಆ ಚಿತ್ರಕ್ಕೆ ಹಗ್ಗ ಇರಲಿಲ್ಲ ಅನ್ನುವುದೇ ಈ ಕತೆ.

2025ರ ಏಪ್ರಿಲ್. ಯುಗಾದಿ ಕಳೆದು ವಾರವಾಗಿತ್ತು. ನಮ್ಮ ಹೊಲಗಳ ಕಡೆಯ ಟಿಸಿ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರು, ಢಬ್ ಎಂದು ಸುಟ್ಟುಹೋಯಿತು. ಕರೆಂಟಿನವರು ‘ನಾಳೆ’ ಅಂದರು. ಆ ‘ನಾಳೆ’ ಎಷ್ಟು ದಿನದ್ದು ಎಂದು ಕೇಳುವಷ್ಟು ಎಳಸು ನಾನಲ್ಲ. ಆದರೆ ಹುಳುಮನೆಯಲ್ಲಿ ಹುಳು ಆಗತಾನೇ ನಾಲ್ಕನೇ ಜ್ವರ ಎದ್ದಿದ್ದವು. ಹುಳು ಮೇಯಿಸಿದವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಮೇಯಿಸದವರಿಗೆ ಹೇಳುತ್ತೇನೆ. ಜ್ವರ ಅಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು, ನಾಲ್ಕನೆಯದೇ ಕಡೆಯದು. ರೇಷ್ಮೆ ಹುಳು ತನ್ನ ಇಡೀ ಬಾಳಿನಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚನ್ನು ಈ ಕಡೆಯ ವಾರದಲ್ಲಿ ತಿಂದು ಮುಗಿಸುತ್ತದೆ. ನಾವು ಸಾಕಿದ್ದು ನೂರು ಮೊಟ್ಟೆ. ನೂರು ಮೊಟ್ಟೆ ಅಂದರೆ ನೂರು ಹುಳುವಲ್ಲ. ಒಂದು ಚಿಟ್ಟೆ ಒಂದು ಸಲಕ್ಕೆ ಇಡುವ ನಾನೂರು, ಐನೂರು ತತ್ತಿಗೆ ನಮ್ಮಲ್ಲಿ ‘ಒಂದು ಮೊಟ್ಟೆ’ ಅಂತ ಲೆಕ್ಕ. ಹಾಗಾಗಿ ನಲವತ್ತು ಸಾವಿರಕ್ಕೂ ಮೀರಿದ ಬಾಯಿಗಳು ರಾತ್ರಿಯೆಲ್ಲ ಸರಸರ ಅನ್ನುತ್ತಿದ್ದವು. ಒಳಗೆ ಮಳೆ ಬಂದಂಥ ಸದ್ದು, ಹೊರಗೆ ಸೊಪ್ಪಿನ ತೋಟ ತಲೆ ಬಾಗಿಸಿ ನಿಂತಿತ್ತು.

“ಕೃಷಿ ಹೊಂಡದಲ್ಲಿ ಎದೆ ಮಟ್ಟ ನೀರಿದೆ. ಹಳೆ ಎಂಜಿನ್ ಇಳಿಸಬಾರದಾ?” ಅಂದಳು ನಮ್ಮ ಮನೆಯವಳು.

“ಅದೆಷ್ಟರ ಕೆಲಸ! ಒಂದು ಕಾಫಿ ಕುಡಿಯುವಷ್ಟರಲ್ಲಿ ಆಗುತ್ತೆ” ಅಂದೆ. ಆಮೇಲೆ ನಾಲ್ಕು ದಿನ ಆ ಕಾಫಿಯನ್ನು ಅವಳು ದಿನಕ್ಕೆ ಐದು ಸಲ ನೆನಪಿಸಿದಳು.

ಎಂಜಿನ್ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿತ್ತು. ಪೆಟ್ರೋಲಿನಲ್ಲಿ ಹತ್ತಿ ಸೀಮೆಎಣ್ಣೆಯಲ್ಲಿ ಓಡುವ, ಒಬ್ಬರೇ ಎತ್ತಿಕೊಂಡು ಹೋಗಬಹುದಾದ ಪುಟ್ಟ ಪಂಪುಸೆಟ್ಟು. ಒಬ್ಬರೇ ಎತ್ತಬಹುದು ಅನ್ನುವುದು ಕೊಂಡಾಗಿನ ಮಾತು. ಈಗ ಅದಕ್ಕೂ ವಯಸ್ಸಾಗಿದೆ, ನನಗೂ. ಸೈಲೆನ್ಸರಿನ ಬಾಯಿಗೆ ಕಣಜ ಮಣ್ಣಿನ ಮನೆ ಕಟ್ಟಿ, ಸಂಸಾರ ಮುಗಿಸಿ, ಖಾಲಿ ಮಾಡಿಕೊಂಡು ಹೋಗಿತ್ತು. ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದೆ. ಪೆಟ್ರೋಲಿನ ವಾಸನೆಯಲ್ಲ, ಹಳೆ ಬಣ್ಣದ ಡಬ್ಬದ್ದು.

ಹೊಸ ಪೆಟ್ರೋಲ್ ಹಾಕಿ ಅಂಗಳದಲ್ಲಿಟ್ಟೆ. ಪಂಚೆ ಎತ್ತಿ ಕಟ್ಟಿ, ಎಡಗಾಲನ್ನು ಎಂಜಿನ್ ಮೇಲಿಟ್ಟು, ಯಾವನೋ ಪಾಳೇಗಾರನ ಹಾಗೆ ನಿಂತು ಹಗ್ಗ ಎಳೆದೆ. ಹಗ್ಗ ಬಂತು. ಆದರೆ ವಾಪಸು ಹೋಗಲಿಲ್ಲ. ಏಪ್ರಿಲ್ ಬಿಸಿಲಿಗೆ ನಾಯಿಯ ನಾಲಗೆ ಜೋತ ಹಾಗೆ ಹೊರಗೇ ಜೋತುಬಿತ್ತು.

ಒಳಗಿನ ಸುರುಳಿ ಸ್ಪ್ರಿಂಗು ತುಕ್ಕು ಹಿಡಿದಿದೆ ಎಂದು ಕಂಡುಕೊಂಡೆ. ಕಂಡುಕೊಂಡ ಮೇಲೆ ಮುಚ್ಚಿಡಬೇಕಿತ್ತು. ಮುಚ್ಚಿಡಲಿಲ್ಲ. ಸ್ಕ್ರೂ ಸಡಿಲಿಸಿದ್ದೇ ತಡ, ಅದು ಬುಸ್ಸನೆ ಎದ್ದು ಅಂಗಳ ದಾಟಿ ತುಳಸಿಕಟ್ಟೆಯ ಬುಡದಲ್ಲಿ ಬಿತ್ತು. ಅಂಗೈಯಗಲದ ಡಬ್ಬಿಯಲ್ಲಿ ಅಷ್ಟುದ್ದದ ಉಕ್ಕಿನ ಪಟ್ಟಿ ಹೇಗೆ ಅಡಗಿತ್ತೋ, ಇವತ್ತಿಗೂ ನನಗೆ ಸೋಜಿಗ. ಮಧ್ಯಾಹ್ನದವರೆಗೆ ಸುತ್ತಿದೆ. ಅರ್ಧಕ್ಕೆ ಬಂದಾಗ ಒಂದು ಕೊನೆ ಜಾರುವುದು, ಮತ್ತೆ ತುಳಸಿಕಟ್ಟೆ.

ಮುದ್ದೆ ತಿರುವಿಟ್ಟು ಹೊರಗೆ ಬಂದ ಇವಳು ಒಂದು ಗಳಿಗೆ ನೋಡಿದಳು. “ಇದೇನು, ಚಂದ್ರಿಕೆ ತಾನೇ?” ಅಂದಳು. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರ ತಟ್ಟೆ ಚಂದ್ರಿಕೆ. ಅದರ ಮೇಲೆ ಬಿದಿರ ಪಟ್ಟಿಯನ್ನು ಸುರುಳಿಸುರುಳಿಯಾಗಿ ನಿಲ್ಲಿಸಿರುತ್ತಾರೆ. ಪ್ರತಿ ಬೆಳೆಗೂ ಕಿತ್ತುಹೋದ ಸುರುಳಿಗಳನ್ನು ಕೂರಿಸುವವಳು ಅವಳೇ. ಹೊರ ಕೊನೆಯನ್ನು ಕೊಕ್ಕೆಗೆ ಸಿಕ್ಕಿಸಿ, ಎಡಗೈ ಹೆಬ್ಬೆರಳಿನಿಂದ ಅದುಮಿ, ಹೊರಗಿನಿಂದ ಒಳಕ್ಕೆ ಸುತ್ತುತ್ತ ಹೋದಳು. ನಾನು ಒಳಗಿನಿಂದ ಹೊರಕ್ಕೆ ಸುತ್ತುತ್ತಿದ್ದೆ. ಸಾರು ಕುದಿಯುವಷ್ಟರಲ್ಲಿ ಸ್ಪ್ರಿಂಗು ಡಬ್ಬಿಯಲ್ಲಿತ್ತು.

ಈಗ ಹಗ್ಗ ಹೋಗಿಬಂದು ಮಾಡತೊಡಗಿತು. ಎಂಜಿನ್ ಮಾತ್ರ ಹತ್ತಲಿಲ್ಲ. ಪ್ಲಗ್ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜಿದೆ. ಕಿಡಿ ಬರುತ್ತದೆಯೇ ಎಂದು ಕೈಯಲ್ಲೇ ಹಿಡಿದು ನೋಡಿದೆ. ಬರುತ್ತದೆ. ನನ್ನ ಮೊಣಕೈವರೆಗೂ ಬಂತು.

ಸಂಜೆ ಮಲ್ಪೆಯ ಗೆಳೆಯನಿಗೆ ಫೋನು ಹಚ್ಚಿದೆ. ಬಿ.ಎಡ್. ಓದುವಾಗ ರೂಮಿನಲ್ಲಿ ಜೊತೆಗಿದ್ದವನು. ಅವನ ಅಣ್ಣಂದಿರದು ನಾಡದೋಣಿ. ಆ ದೋಣಿಗಳ ಹಿಂಬದಿಗೆ ಸಿಕ್ಕಿಸುವ ಎಂಜಿನ್ನುಗಳೂ ನಮ್ಮ ಪಂಪಿನ ನೆಂಟರೇ. ಪೆಟ್ರೋಲಿನಲ್ಲಿ ಹತ್ತಿಸಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ಅವನು ಕೇಳಿದ್ದು ಒಂದೇ ಪ್ರಶ್ನೆ: “ಇಡುವಾಗ ಪೆಟ್ರೋಲಿಗೆ ಹಾಕಿ ನಿಲ್ಲಿಸಿದ್ದೀರಾ ಮಾರಾಯ್ರೆ, ಇಲ್ಲ ಸೀಮೆಎಣ್ಣೆಯಲ್ಲೇ ನಿಲ್ಲಿಸಿದ್ದೀರಾ?”

“ಅಲ್ಲಿ ಮೀನಿನ ರೇಟು ಹೇಗಿದೆ?” ಅಂದೆ ನಾನು.

ಪಕ್ಕದಲ್ಲಿ ಸೊಪ್ಪು ಕತ್ತರಿಸುತ್ತಿದ್ದ ಇವಳು ತಲೆ ಎತ್ತಿದಳು. ಇವಳ ನೆನಪು ಹಬ್ಬ, ಬಾಣಂತನ, ನನ್ನ ತಪ್ಪು, ಈ ಮೂರರ ಮೇಲೆ ನಿಂತಿದೆ. “ಅದು ಕಡೆ ಸಲ ಓಡಿದ್ದು ವಿಶ್ವಕಪ್ಪಿನ ದಿನ. ನೀವು ಹೊಲದಿಂದ ಓಡಿಬಂದಿರಿ. ಟಿ.ವಿ. ಮುಂದೆ ಕೂರೋ ಹೊತ್ತಿಗೆ ಸೆಹ್ವಾಗ್ ಔಟಾಗಿದ್ದ.”

2011ರ ಏಪ್ರಿಲ್ 2, ಶನಿವಾರ. ಶ್ರೀಲಂಕಾದವರು 274 ಹೊಡೆದಿದ್ದರು. ನಮ್ಮವರು ಬ್ಯಾಟು ಹಿಡಿಯುವ ಹೊತ್ತು. ಸೀಮೆಎಣ್ಣೆ ಎಂಜಿನ್ನನ್ನು ನಿಲ್ಲಿಸುವ ಮುಂಚೆ ಕಾಕನ್ನು ಪೆಟ್ರೋಲಿಗೆ ತಿರುಗಿಸಿ ಎರಡು ಮೂರು ನಿಮಿಷ ಓಡಿಸಬೇಕು. ಕಾರ್ಬ್ಯುರೇಟರಿನಲ್ಲಿ ಉಳಿದ ಸೀಮೆಎಣ್ಣೆ ಉರಿದುಹೋಗಲಿ ಎಂದು. ತಣ್ಣಗಿರುವ ಎಂಜಿನ್ ಸೀಮೆಎಣ್ಣೆಯಲ್ಲಿ ಹತ್ತುವುದಿಲ್ಲ. ಇದನ್ನು ನಾನು ಊರಿಗೆಲ್ಲ ಉಪದೇಶ ಮಾಡಿದ್ದೇನೆ. ಅವತ್ತು ಮಾತ್ರ ಆ ಮೂರು ನಿಮಿಷ ಉಳಿಸಲು ಓಡುತ್ತಿದ್ದ ಎಂಜಿನ್ನಿನ ಸ್ವಿಚ್ಚು ಒತ್ತಿ ನಡೆದೆ. ಸೆಹ್ವಾಗ್ ಇನ್ನಿಂಗ್ಸಿನ ಎರಡನೇ ಎಸೆತಕ್ಕೆ ಸೊನ್ನೆಗೆ ಹೋದ. ಮಾರನೇ ತಿಂಗಳು ಬೋರ್‌ವೆಲ್ ಕೊರೆಸಿದೆವು. ಎಂಜಿನ್ ಕೊಟ್ಟಿಗೆಗೆ ಹೋಯಿತು, ಕಾರ್ಬ್ಯುರೇಟರಿನ ಬೌಲಿನಲ್ಲಿ ರೇಷನ್ ಅಂಗಡಿಯ ನೀಲಿ ಸೀಮೆಎಣ್ಣೆ ತುಂಬಿಕೊಂಡೇ.

ಮೂರನೇ ದಿನ ಕಾರ್ಬ್ಯುರೇಟರಿನ ಬೌಲು ಬಿಚ್ಚಿದೆ. ತಳದಲ್ಲಿ ಸೀದ ಬೆಲ್ಲದ ಪಾಕದಂಥ ಕಂದು ಅಂಟು. ಅದರಲ್ಲಿ ತೇಲುಬುರುಡೆ ಹಾಗೇ ಹೂತುಕೊಂಡಿತ್ತು. ಪಾಕದ ನಡುವೆ ಹಿತ್ತಾಳೆಯ ಜೆಟ್ಟು, ಅದರ ತೂತು ತಲೆಗೂದಲಿನಷ್ಟು. ಬೆಳಕಿಗೆ ಹಿಡಿದರೆ ಆಚೆ ಕಾಣಬೇಕು, ಕಾಣಲಿಲ್ಲ. ಇವಳ ಸೆರಗಿನ ಸೇಫ್ಟಿ ಪಿನ್ ಕಿತ್ತುಕೊಂಡು ಇನ್ನೇನು ಚುಚ್ಚಬೇಕು, ಅಷ್ಟರಲ್ಲಿ ಹೇಳಿಕಳಿಸಿದ್ದ ಮೆಕ್ಯಾನಿಕ್ ಬಂದ. ನನ್ನ ಕ್ಲಾಸಿನಲ್ಲಿ ಕಡೇ ಬೆಂಚಿನಲ್ಲಿ ಕೂತಿದ್ದ ಹುಡುಗ, ಈಗ ಕಾಮಗೆರೆಯಿಂದ ಹನೂರಿನವರೆಗೆ ಅವನದೇ ಕೈ.

“ಅಯ್ಯೋ, ಪಿನ್ನು ಆಕ್ಬೇಡಿ ಮೇಷ್ಟ್ರೇ! ತೂತು ದೊಡ್ಡದಾದ್ರೆ ಆಮೇಲೆ ಎಣ್ಣೆ ಕುಡಿಯೋದೇ ಕುಡಿಯೋದು.” ವೈರಿನ ತುಂಡಿನಿಂದ ಒಂದೇ ಒಂದು ತಾಮ್ರದ ಎಳೆ ಬಿಡಿಸಿ, ಪೆಟ್ರೋಲಿನಲ್ಲಿ ನೆನೆಸಿದ್ದ ಜೆಟ್ಟಿಗೆ ನಿಧಾನ ಪೋಣಿಸಿದ. ಸೂಜಿಗೆ ದಾರ ಹಾಕುವವರ ಮುಖ ಇರುತ್ತದಲ್ಲ, ಹಾಗಿತ್ತು ಅವನ ಮುಖ. ಆಮೇಲೆ ಬಾಯಲ್ಲಿಟ್ಟು ಊದಿದ. “ಸೀಮೆಎಣ್ಣೇಲೇ ನಿಲ್ಸಿದ್ದೀರಿ ಕನ. ಯಾರ್ ಮಾಡಿದ್ದು ಈ ಕೆಲ್ಸ?”

ಇವಳು ಸೊಪ್ಪು ಕತ್ತರಿಸುತ್ತಲೇ ಇದ್ದಳು. ಆ ಮೌನಕ್ಕೆ ನಾನು ಇವತ್ತಿಗೂ ಋಣಿ.

ಗಟ್ಟಿಯಾಗಿದ್ದ ಪೆಟ್ರೋಲ್ ಪೈಪು ಬದಲಾಯಿಸಿದ, ಎಂಜಿನ್ ಆಯಿಲ್ ಹೊಸದು ಹಾಕಿದ. ಮಾರನೇ ದಿನ ಹೊಂಡದ ದಂಡೆಗೆ ಒಯ್ದೆವು. ಪಂಪಿಗೆ ಎರಡು ಚೊಂಬು ನೀರು ಹೊಯ್ದು ನಾನು ಹದಿನೆಂಟು ಸಲ ಹಗ್ಗ ಎಳೆದೆ. ಅವನು “ವಸಿ ಇತ್ಲಾಗ್ ಬನ್ನಿ ಮೇಷ್ಟ್ರೇ” ಅನ್ನುವ ಮುಂಚೆಯೇ ಇವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಮೂರು ಸಲ ಎಳೆದಳು. ಬಿಳಿ ಹೊಗೆ ಉಗುಳಿ, ಎರಡು ಸಲ ಕೆಮ್ಮಿ, ಎಂಜಿನ್ ಹತ್ತಿಕೊಂಡಿತು. ಮೂವರೂ ಒಟ್ಟಿಗೆ “ಉಘೇ!” ಅಂದೆವು. ಪೈಪಿನ ತುದಿಯಲ್ಲಿ ಮೊದಲು ಒಂದು ಕಪ್ಪೆ ಬಂತು, ಆಮೇಲೆ ನೀರು.

ಗ್ಯಾಸ್ ಬಂದ ಮನೆಗೆ ಈಗ ಸೀಮೆಎಣ್ಣೆ ಎಲ್ಲಿಯದು? ಪೂರಾ ಪೆಟ್ರೋಲಿನಲ್ಲೇ ಎರಡು ದಿನ ಓಡಿಸಿದೆವು. ಸೊಪ್ಪಿಗೆ ಕುಡಿಸಿದ ಆ ನೀರಿನ ಲೆಕ್ಕ ಹಾಕಬೇಡಿ ಎಂದು ಇವಳು ಹೇಳಿದ್ದಾಳೆ. ಹಾಕಿದರೆ ಕೊಳ್ಳೇಗಾಲದ ರೇಷ್ಮೆ ಸೀರೆಗೆ ಯಾಕಷ್ಟು ಬೆಲೆ ಎಂದು ತಿಳಿದುಹೋಗುತ್ತದಂತೆ. ಮೂರನೇ ದಿನ ಹೊಸ ಟಿಸಿ ಬಂತು.

“ಈಗಿನ ಪೆಟ್ರೋಲಲ್ಲಿ ನೂರಕ್ಕೆ ಇಪ್ಪತ್ತು ಎಥನಾಲು. ಗಾಳೀಲಿರೋ ನೀರ ಈರ್ಕೊತದೆ. ಬುಟ್ಟೀರ ಜೋಕೆ” ಎಂದು ಹುಡುಗ ಹೇಳಿ ಹೋಗಿದ್ದ. ಹಾಗಾಗಿ ಕೊನೆಯ ದಿನ ಕಾಕ್ ಮುಚ್ಚಿದ್ದು ಇವಳೇ. ಬೌಲಿನಲ್ಲಿದ್ದ ಪೆಟ್ರೋಲು ತೀರಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಸೊಂಟದ ಮೇಲೆ ಕೈಯಿಟ್ಟು ಪಕ್ಕದಲ್ಲೇ ನಿಂತಿದ್ದಳು. ಮನೆಯಲ್ಲಿ ಐಪಿಎಲ್ ನಡೆಯುತ್ತಿತ್ತು. ನಾನೂ ನಿಂತಿದ್ದೆ.

ಎಂಜಿನ್ ಮತ್ತೆ ಕೊಟ್ಟಿಗೆ ಸೇರಿದೆ. ಅದರ ಮೇಲಿನ ಗೋಡೆಯಲ್ಲಿ ಇದ್ದಿಲಿನಿಂದ ಅವಳು ಬರೆದದ್ದು ಇಷ್ಟು: ತಾರೀಖು, ‘ಎಣ್ಣೆ ಖಾಲಿ’, ಕೆಳಗೆ ‘ಇವರು ಮುಟ್ಟಬಾರದು’.