ಕಾರ್ಡ್ ಬಂತು, ಪರಿವಾರವೂ ಬಂತು

ಗ್ರಾಫಿಕ್ಸ್ ಕಾರ್ಡ್ ಒಂಟಿಯಾಗಿ ಮನೆಗೆ ಬರುವ ಪೈಕಿಯಲ್ಲ. ದೀಪಾವಳಿಗೆ ಬರುವ ಹೊಸ ಅಳಿಯನ ಹಾಗೆ ಪರಿವಾರಸಮೇತ ಬರುತ್ತದೆ. 2019ರ ಜಿಟಿಎಕ್ಸ್ 1650 ಪಾಪ, 75 ವ್ಯಾಟ್‌ನಲ್ಲೇ ತೃಪ್ತ. ಅದರ ಜಾಗಕ್ಕೆ ಆರ್‌ಟಿಎಕ್ಸ್ 3060 ತಂದಿರೋ, 170 ವ್ಯಾಟ್ ಕೇಳುತ್ತದೆ. ಹಳೇ ಪವರ್ ಸಪ್ಲೈ ಕೈ ಎತ್ತಿಬಿಡುತ್ತದೆ. ಅದನ್ನು ಬದಲಿಸಿದರೆ ಕಾರ್ಡಿನ ಮೂಗು ಹಾರ್ಡ್‌ಡಿಸ್ಕ್ ಗೂಡಿಗೆ ತಾಗುತ್ತದೆ. ಕ್ಯಾಬಿನೆಟ್ಟೂ ಹೊಸದಾಯಿತೆನ್ನಿ, ಪ್ರೊಸೆಸರ್ ಏದುಸಿರು ಬಿಡುತ್ತದೆ. ಇಷ್ಟಾಗಿ ಸೆಕೆಂಡಿಗೆ 120 ಫ್ರೇಮ್ ಬಂದರೂ 60 ಹರ್ಟ್ಸ್ ಮಾನಿಟರ್ ತೋರಿಸುವುದು ಅರವತ್ತನ್ನೇ!

ಮಗರಾಯನ ವಾದ ಬೇರೆ: "ಅಪ್ಪಾ, ಓದೋಕೇ ಬೇಕಿರೋದು." ಯಾವ ಪಠ್ಯಪುಸ್ತಕದಲ್ಲಿ ರೇ ಟ್ರೇಸಿಂಗ್ ಇದೆಯೋ ಕೇಳಬೇಡಿ.

ಸೆಕೆಂಡ್ ಹ್ಯಾಂಡ್ ಸಿಕ್ಕೀತೆಂದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ, "ಡಾಕ್ಟರೊಬ್ಬರದು ಸಾರ್, ಭಾನುವಾರ ಮಾತ್ರ ಆನ್ ಮಾಡ್ತಿದ್ರು" ಎಂಬ ಪ್ರಮಾಣ. ಫ್ಯಾನಿನ ರೆಕ್ಕೆಗಂಟಿದ ಜಿಡ್ಡುಧೂಳು ಬೇರೆಯೇ ಕಥೆ ಹೇಳುತ್ತದೆ. 2022ರ ಸೆಪ್ಟೆಂಬರ್‌ವರೆಗೆ ಇಥೀರಿಯಂ ಕ್ರಿಪ್ಟೋಕರೆನ್ಸಿಯ ಗಣಿಗಾರಿಕೆಯಲ್ಲಿ ಹಗಲೂ ರಾತ್ರಿ ಬೆಂದ ಕಾರ್ಡ್‌ಗಳಿಗೇನು ಬರವೇ?

ಬಜೆಟ್ ಬಿಗಿಯಿದ್ದವರಿಗೆ ನನ್ನ ತೀರ್ಪು ಇಷ್ಟೇ: ಮೊದಲು ಗೇಮಿನ ಸೆಟ್ಟಿಂಗ್ಸ್‌ಗೆ ಹೋಗಿ 'ಅಲ್ಟ್ರಾ' ಇದ್ದದ್ದನ್ನು 'ಮೀಡಿಯಂ'ಗೆ ಇಳಿಸಿ ನೋಡಿ. ಖರ್ಚು ಸೊನ್ನೆ, ಶೇ. 18 ಜಿಎಸ್‌ಟಿಯ ಕಾಟವೂ ಇಲ್ಲ.