‘ಹೂಂ’ ಎಂಬ ಏಕಾಕ್ಷರದ ಸಮ್ಮತಿಮೀಮಾಂಸೆ: ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳನ್ನು ಅನುಲಕ್ಷಿಸಿ

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ ಪ್ರಕಾರ ಸಮ್ಮತಿಯು ಮುಕ್ತವೂ ನಿರ್ದಿಷ್ಟವೂ ಷರತ್ತಿಲ್ಲದ್ದೂ ಆಗಿರಬೇಕು, ಗೊತ್ತಿದ್ದು ಕೊಟ್ಟದ್ದಾಗಿರಬೇಕು, ಅದರಲ್ಲಿ ಸಂದಿಗ್ಧ ಇರಕೂಡದು. ಇಷ್ಟು ವಿಶೇಷಣಗಳನ್ನು ಹೊರುವ ಶಕ್ತಿ ಭೀಮಾತೀರದ ‘ಹೂಂ’ಗೆ ಇದೆಯೇ ಎಂಬುದೇ ಈ ಪ್ರಬಂಧದ ಮೂಲಪ್ರಶ್ನೆ. ಕ್ಷೇತ್ರಕಾರ್ಯವನ್ನು ಅಫಜಲಪುರದ ಒಂದು ಚಹಾದಂಗಡಿಯಲ್ಲಿ, ಸುಸಲಾ-ಮಿರ್ಚಿಯ ಉದಾರ ನೆರವಿನಿಂದ ಕೈಗೊಳ್ಳಲಾಯಿತು.

‘ಹೂಂ’ ಮೂರು ಬಗೆ. ಹ್ರಸ್ವವೆಂದರೆ, ಕೇಳಿಸಿತು, ಮುಂದೆ ಹೇಳು. ದೀರ್ಘವೆಂದರೆ, ನೀ ಹೇಳುವುದು ಸುಳ್ಳು, ಆದರೆ ಚಹಾ ನೀನೇ ಕುಡಿಸುತ್ತಿರುವೆ. ಪ್ಲುತವೆಂದರೆ, ಆಗಂಗಿಲ್ಲ. ನಿಜವಾಗಿ ಒಪ್ಪಿದವರು ‘ಹೂಂ’ ಅನ್ನುವುದೇ ಇಲ್ಲ, ಎದ್ದು ಚಪ್ಪಲಿ ಮೆಟ್ಟುತ್ತಾರೆ. (ಜೇವರ್ಗಿಯ ಹಿರಿಯರೊಬ್ಬರು ಮೂಗಿನಿಂದ ಬರುವ ಮತ್ತೊಂದು ಬಗೆಯನ್ನೂ ಪ್ರತಿಪಾದಿಸಿದರು. ಅವರಿಗೆ ನೆಗಡಿಯಾಗಿತ್ತೆಂದು ಆಮೇಲೆ ತಿಳಿಯಿತು.)

ಕಾಯ್ದೆಯಲ್ಲಿ ಮಾಹಿತಿಯ ಒಡೆಯನಿಗೆ ‘ಡೇಟಾ ಪ್ರಿನ್ಸಿಪಲ್’ ಎಂದು ಹೆಸರು. ಇದನ್ನು ಓದಿ ಹೇಳಿದಾಗ ಪಕ್ಕದ ಬೆಂಚಿನ ರೈತರು, “ನಾಕನೇ ಇಯತ್ತೆ ಕಲತಾಂವ ರೀ ನಾ, ಯಾವ ಕಾಲೇಜಿಗೆ ಪ್ರಿನ್ಸಿಪಾಲ?” ಎಂದರು. ಸಮ್ಮತಿ ಕೇಳುವ ಸೂಚನೆ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಸಿಗುವಂತಿರಬೇಕೆಂದು ಕಾಯ್ದೆ ಕರುಣೆ ತೋರಿದೆ. ಇವರ ಪ್ರಶ್ನೆಗೆ ಉತ್ತರ 22ರಲ್ಲೂ ಇಲ್ಲ.

ಇನ್ನು ಪ್ರಯೋಗಪಶು. ಜೇವರ್ಗಿಯ ನಮ್ಮ ಹುಡುಗನೊಬ್ಬ ಕಾಕಾನ ಅಡತಿ ಅಂಗಡಿಯ ಮೂಲೆಯಲ್ಲಿ ಕೂತು, ಯಾರ ತೊಗರಿ ಎಷ್ಟು ಚೀಲ, ಯಾರ ಬಾಕಿ ಎಷ್ಟು ಎಂದು ತೋರಿಸುವ ಆ್ಯಪ್ ಕಟ್ಟಿದ. 2025ರ ನವೆಂಬರಿನಲ್ಲಿ ಕಾಯ್ದೆಯ ನಿಯಮಗಳು ಬಂದವು. ಮಾಹಿತಿ ಸೋರಿದರೆ 72 ಗಂಟೆಯೊಳಗೆ ದತ್ತಾಂಶ ಸಂರಕ್ಷಣಾ ಮಂಡಳಿಗೆ ವಿವರವಾದ ವರದಿ. ಕಾಯ್ದೆಯ ಪ್ರಕಾರ, ಭದ್ರತೆಯಲ್ಲಿ ಲೋಪವಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ. ಕಾಕಾ ಗಾಬರಿಯಾಗಲಿಲ್ಲ. “ಅದು ತೊಗರಿ ಎಷ್ಟು ಕ್ವಿಂಟಲ್ ಆಗ್ತದೋ ತಮ್ಮಾ?” ಎಂದರು. 2025-26ರ ಬೆಂಬಲ ಬೆಲೆ 8,000 ರೂಪಾಯಿ ಹಿಡಿದು ಲೆಕ್ಕ ಹಾಕಿದೆವು: 3,12,500 ಕ್ವಿಂಟಲ್. “ಅಷ್ಟು ಇಡಾಕ ನಮ್ಮಲ್ಲಿ ಗೋದಾಮೇ ಇಲ್ಲಲ್ಲೋ” ಎಂದು ನಿರಾಳವಾದರು.

17ನೆಯ ಕಲಮಿನಡಿ ಸ್ಟಾರ್ಟಪ್‌ಗಳಿಗೆ ಕೆಲವು ವಿನಾಯಿತಿ ಕೊಡುವ ಅಧಿಕಾರ ಕೇಂದ್ರಕ್ಕಿದೆ. ಆದರೆ ಸ್ಟಾರ್ಟಪ್ ಅನ್ನಿಸಿಕೊಳ್ಳಲು ಕಂಪನಿಯೋ ಪಾಲುದಾರಿಕೆಯೋ ಆಗಿ, ಸರ್ಕಾರದ ಮಾನ್ಯತೆ ಪಡೆದಿರಬೇಕು. ಕಾಕಾ ಮತ್ತು ಅಣ್ಣನ ಮಗ ಎಂಬ ಸಂಸ್ಥಾಸ್ವರೂಪ ಆ ವ್ಯಾಖ್ಯೆಯಲ್ಲಿಲ್ಲ.

ಕಾಯ್ದೆಯನ್ನು ನಕ್ಕು ಬಿಡುವಂತೆಯೂ ಇಲ್ಲ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಆಳಂದದಲ್ಲಿ ಮತದಾರರ ಹೆಸರು ತೆಗೆಯಲು ಆನ್‌ಲೈನಿನಲ್ಲಿ 6,018 ಅರ್ಜಿ ಬಂದವು. ಪರಿಶೀಲಿಸಿದಾಗ ಸರಿಯೆಂದು ನಿಂತವು 24. ಅಲ್ಲಿ ಹ್ರಸ್ವ ‘ಹೂಂ’ನ ಗೊಡವೆಗೂ ಯಾರೂ ಹೋಗಿರಲಿಲ್ಲ.

ಆದರೆ ಕಾಯ್ದೆ ಅನ್ವಯಿಸುವುದು ಡಿಜಿಟಲ್ ಆದ ಮಾಹಿತಿಗೆ ಮಾತ್ರ. ಕಾಕಾನ ಕೆಂಪು ಬಟ್ಟೆಯ ವಹಿ ಗಾದಿಯ ಮೇಲೆ ಸದಾ ತೆರೆದೇ ಇರುತ್ತದೆ. ತೂಕದವರು, ಹಮಾಲರು, ಚಹಾ ತರುವ ಪೋರ, ಎಲ್ಲರೂ ಬಗ್ಗಿ ಊರವರ ಬಾಕಿ ಓದಿಕೊಂಡು ಹೋಗುತ್ತಾರೆ. ಅದಕ್ಕೆ ದಂಡವಿಲ್ಲ. ಹುಡುಗ ಈಗ ಆ್ಯಪ್ ಮುಚ್ಚಿ ವಹಿ ಬರೆಯುತ್ತಾನೆ. ಅಕ್ಷರ ದುಂಡಗಿವೆ, ದೂರದಿಂದಲೂ ಓದಬಹುದು.